ನಿಧಾನವಾದ ಭಂಡಾರ: ದೊಡ್ಡ ಲಿನಕ್ಸ್ ಸಂಗ್ರಹದ ತೊಂದರೆಯನ್ನು ಪತ್ತೆಹಚ್ಚುವ ಕ್ರಮ

ಬೋಡಿನಾಯಕನೂರಿನಿಂದ ಮೂನ್ನಾರಿನ ಕಡೆಗೆ ಏರುವ ಘಾಟಿ ರಸ್ತೆಯು ಬೋಡಿಮೆಟ್ಟಿನಲ್ಲಿ ತಮಿಳುನಾಡನ್ನು ಬಿಟ್ಟು ಕೇರಳದ ಇಡುಕ್ಕಿ ಜಿಲ್ಲೆಯನ್ನು ಸೇರುತ್ತದೆ. ರಾಷ್ಟ್ರೀಯ ಹೆದ್ದಾರಿ 85ರ ಆ ಗಡಿಯಲ್ಲಿ ತಪಾಸಣಾ ಠಾಣೆಯಿದೆ. ಬೆಳಗಿನ ಹೊತ್ತು ತೇನಿ ಜಿಲ್ಲೆಯ ಊರುಗಳಿಂದ ಏಲಕ್ಕಿ ತೋಟದ ಕೂಲಿಗೆ ಹೊರಟವರನ್ನು ತುಂಬಿಕೊಂಡ ಜೀಪುಗಳು ಒಂದರ ಹಿಂದೊಂದು ಏರುತ್ತವೆ. ಏಲಕ್ಕಿ ಮೂಟೆ ಹೊತ್ತ ವಾಹನಗಳು ಬೋಡಿ ಪೇಟೆಯ ಕಡೆಗೆ ಇಳಿಯುತ್ತವೆ. ಒಂದು ಲಾರಿಯಲ್ಲಿ ಮುನ್ನೂರು ಮೂಟೆಗಳಿದ್ದರೂ ಗೇಟಿನಲ್ಲಿ ನೋಡಬೇಕಾದ ಕಾಗದ ಒಂದೇ ಕಂತೆ. ಅದೇ ಮುನ್ನೂರು ಮೂಟೆಗಳನ್ನು ಮುನ್ನೂರು ಜೀಪುಗಳಲ್ಲಿ ಒಂದೊಂದಾಗಿ ಕಳುಹಿಸಿದರೆ ಮುನ್ನೂರು ಬಾರಿ ವಾಹನ ನಿಲ್ಲಬೇಕು, ಮುನ್ನೂರು ಬಾರಿ ಕಾಗದ ಬಿಚ್ಚಬೇಕು. ಮೂಟೆಗಳ ತೂಕ ಹೆಚ್ಚಾಗಿಲ್ಲ, ರಸ್ತೆಯ ಅಗಲ ಕಡಿಮೆಯಾಗಿಲ್ಲ. ಹೊತ್ತು ಹೋಗುವುದು ಗೇಟಿನಲ್ಲಿ.

ಗಣಕಯಂತ್ರದ ದೊಡ್ಡ ಸಂಗ್ರಹವೊಂದು ನಿಧಾನವಾದಾಗ ಬಹುಮಟ್ಟಿಗೆ ನಡೆದಿರುವುದು ಇದೇ. ಆದರೂ ಶಾಲೆಗಳಲ್ಲಿ ಆಗ ಕೇಳಿಬರುವ ಮಾತುಗಳು ಬೇರೆ: ‘ಡಿಸ್ಕ್ ಹಳೆಯದಾಯಿತು’, ‘ತುಂಬಿಹೋಗಿದೆ, ಏನಾದರೂ ಅಳಿಸಿ’, ‘ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ’. ಈ ಮೂರರಲ್ಲಿ ಕೊನೆಯ ಎರಡು ಸಲಹೆಗಳು ಮತ್ತೆ ಸಿಗದ ವಸ್ತುವನ್ನು ಕಳೆಯಬಲ್ಲವು. ಯಾವುದನ್ನೂ ಬದಲಿಸುವ ಮೊದಲು ಅಳತೆ ಮಾಡುವುದು ಹೇಗೆ, ಅಳತೆಯನ್ನು ಓದುವುದು ಹೇಗೆ, ಯಾವುದನ್ನು ಮೊದಲು ರಕ್ಷಿಸಬೇಕು ಎಂಬುದೇ ಈ ಪಾಠದ ವಿಷಯ.

ಲಿನಕ್ಸ್ ಕನ್ನಡ ಶಿಕ್ಷಕರಿಗೆ ದೂರದ ವಸ್ತುವಲ್ಲ. ಗಡಿಯಾಚೆ ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೂ ಶಾಲಾ ಗಣಕಯಂತ್ರಗಳು ಮುಕ್ತ ತಂತ್ರಾಂಶದ ಮೇಲೆ ನಡೆದುಬಂದಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಬಳಸುತ್ತಾರೆ. ತಮಿಳುನಾಡಿನಲ್ಲಿ ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರದಲ್ಲಿ ರೂಪುಗೊಂಡ ಬಾಸ್ ಲಿನಕ್ಸ್ ಹಲವರಿಗೆ ಪರಿಚಿತ. ಕಡಿಮೆ ವೆಚ್ಚದಲ್ಲಿ ಸಂಗ್ರಹ ಸರ್ವರ್ ಕಟ್ಟುವವರು ಸಹ ಸಾಮಾನ್ಯವಾಗಿ ಲಿನಕ್ಸನ್ನೇ ಆರಿಸುತ್ತಾರೆ.

ಆಜ್ಞೆಗಳ ಹೆಸರುಗಳನ್ನು ಇಲ್ಲಿ ಉಚ್ಚಾರಕ್ಕೆ ಅನುಸಾರವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಯಂತ್ರದಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪು ಮಾಡತಕ್ಕದ್ದು.

ಉದಾಹರಣೆಯ ಭಂಡಾರ

ಪಾಠದ ಅನುಕೂಲಕ್ಕಾಗಿ ಒಂದು ಭಂಡಾರವನ್ನು ಕಲ್ಪಿಸಿಕೊಳ್ಳಬಹುದು. ಕಂಬಂ ಕಣಿವೆಯ ಕಪ್ಪಿಲಿಯರ ಮನೆಮಾತು ಕನ್ನಡ. ತಲೆಮಾರುಗಳಿಂದ ತಮಿಳಿನ ನಡುವೆ, ಹೆಚ್ಚಾಗಿ ಕನ್ನಡ ಲಿಪಿಯ ಆಸರೆಯಿಲ್ಲದೆ, ಬಾಯಿಂದ ಬಾಯಿಗೆ ಉಳಿದುಬಂದ ಮಾತು ಅದು. ಅಂಥ ಮನೆಗಳ ಹಿರಿಯರ ಮಾತನ್ನು ಧ್ವನಿಮುದ್ರಿಸಿ, ಒಂದೊಂದು ವಾಕ್ಯವನ್ನು ಒಂದೊಂದು ಕಡತವಾಗಿ ಕತ್ತರಿಸಿ, ಶಿಕ್ಷಕರ ಗುಂಪೊಂದು ಕೂಡಿಟ್ಟಿದೆ ಎಂದಿಟ್ಟುಕೊಳ್ಳೋಣ. ಕಡತಗಳ ಸಂಖ್ಯೆ 12 ಲಕ್ಷ. ಸರಾಸರಿ ಗಾತ್ರ 60 ಕಿಲೋಬೈಟ್. ಒಟ್ಟು 72 ಗಿಗಾಬೈಟ್. ಅದೇ ಭಂಡಾರದಲ್ಲಿ ಪಾಠಗಳ ವಿಡಿಯೋಗಳೂ ಸ್ಕ್ಯಾನ್ ಮಾಡಿದ ಪಠ್ಯಪುಸ್ತಕಗಳೂ ಹಲವು ಟೆರಾಬೈಟ್‌ಗಳಷ್ಟಿವೆ. ಯಂತ್ರದಲ್ಲಿ 8 ಟೆರಾಬೈಟಿನ ನಾಲ್ಕು ಡಿಸ್ಕುಗಳು. ರೈಡ್ 5 ಎಂಬ ಜೋಡಣೆ. ಬಳಕೆಗೆ ದೊರೆಯುವುದು 24 ಟೆರಾಬೈಟ್. ಮೇಲಿನ ಕಡತ ವ್ಯವಸ್ಥೆ ಇಎಕ್ಸ್‌ಟಿ4.

ಇಲ್ಲಿಯೇ ಒಂದು ಸಂಗತಿಯನ್ನು ಗುರುತಿಸಬೇಕು. ವಿಡಿಯೋಗಳನ್ನು ಮತ್ತೆ ತೆಗೆಯಬಹುದು, ಪುಸ್ತಕಗಳನ್ನು ಮತ್ತೆ ಸ್ಕ್ಯಾನ್ ಮಾಡಬಹುದು. ತೀರಿಕೊಂಡ ಅಜ್ಜಿಯ ಮಾತನ್ನು ಮತ್ತೆ ಮುದ್ರಿಸಲಾಗದು. ಮತ್ತೆ ಸಿಗದ ಆ ಭಾಗವೇ ಗಾತ್ರದಲ್ಲಿ ಅತಿ ಚಿಕ್ಕದು. 24 ಟೆರಾಬೈಟಿನ ಭಂಡಾರದಲ್ಲಿ ಅದು ನೂರಕ್ಕೆ ಒಂದು ಪಾಲೂ ಇಲ್ಲ. 128 ಗಿಗಾಬೈಟಿನ ಒಂದು ಪೆನ್‌ಡ್ರೈವಿನಲ್ಲಿ ಅಡಗುತ್ತದೆ.

ಈಗ ದೂರು ಬರುತ್ತದೆ. ‘ಮೇಡಂ, ಸರ್ವರ್ ಬಹಳ ಸ್ಲೋ ಆಗಿದೆ’ ಎನ್ನುತ್ತಾರೆ ಸಹೋದ್ಯೋಗಿಗಳು.

ದೂರನ್ನು ಪ್ರಶ್ನೆಯಾಗಿ ಬಿಡಿಸುವುದು

‘ನಿಧಾನ’ ಎಂಬುದು ರೋಗದ ಹೆಸರಲ್ಲ, ಲಕ್ಷಣದ ಹೆಸರು. ಮಗು ‘ಹೊಟ್ಟೆನೋವು’ ಎಂದಾಗ ಎಲ್ಲಿ, ಯಾವಾಗಿನಿಂದ, ಏನು ತಿಂದ ಮೇಲೆ ಎಂದು ಕೇಳುವಂತೆಯೇ ಇಲ್ಲಿಯೂ ಕೇಳಬೇಕು. ಒಂದು ದೊಡ್ಡ ವಿಡಿಯೋ ತೆರೆಯುವುದು ನಿಧಾನವೇ, ಅಥವಾ ಫೋಲ್ಡರ್ ತೆರೆಯುವುದು ನಿಧಾನವೇ? ಓದುವುದೋ ಬರೆಯುವುದೋ? ಒಬ್ಬರಿಗೋ ಎಲ್ಲರಿಗೋ? ಸರ್ವರಿನ ಮುಂದೆಯೇ ಕುಳಿತು ನೋಡಿದರೂ ನಿಧಾನವೇ? ಮೊದಲಿನಿಂದಲೂ ಹೀಗೆಯೇ, ಅಥವಾ ಇತ್ತೀಚೆಗೆ?

ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಹೆಚ್ಚು ಬೆಲೆಯುಳ್ಳದ್ದು. ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಏರಿದ ನಿಧಾನಕ್ಕೆ ಕಾರಣ ಸಾಮಾನ್ಯವಾಗಿ ಕಡತಗಳ ಸಂಖ್ಯೆ ಅಥವಾ ತುಂಬಿದ ಜಾಗ. ಒಂದು ವಾರದಲ್ಲಿ ಇದ್ದಕ್ಕಿದ್ದಂತೆ ಬಂದ ನಿಧಾನವಾದರೆ ಯಂತ್ರಾಂಗದ ಮೇಲೆ ಸಂಶಯಪಡಬೇಕು. ತಿಂಗಳಿಗೊಮ್ಮೆ ಬಂದು ತಾನಾಗಿ ಹೋಗುವ ನಿಧಾನವೂ ಉಂಟು: ಡೆಬಿಯನ್ ಮತ್ತು ಉಬುಂಟು ವರ್ಗದ ವ್ಯವಸ್ಥೆಗಳು ರೈಡ್ ಜೋಡಣೆಯನ್ನು ತಿಂಗಳ ಮೊದಲ ಭಾನುವಾರ ತಾವೇ ಪರೀಕ್ಷೆಗೆ ಒಡ್ಡುವಂತೆ ರಚಿತವಾಗಿವೆ, ದೊಡ್ಡ ಡಿಸ್ಕುಗಳಲ್ಲಿ ಆ ಪರೀಕ್ಷೆ ಸೋಮವಾರದ ತರಗತಿಯ ವೇಳೆಗೂ ಮುಗಿಯದೆ ಇರಬಹುದು. ಇದನ್ನು ಅರಿಯದೆ ಸೋಮವಾರ ಬೆಳಿಗ್ಗೆ ಸರ್ವರನ್ನು ಪದೇಪದೇ ನಿಲ್ಲಿಸಿ ಹೊತ್ತಿಸುವವರಿದ್ದಾರೆ.

ನಮ್ಮ ಉದಾಹರಣೆಯಲ್ಲಿ ಉತ್ತರ ಎರಡು ಬಗೆಯದು. ಧ್ವನಿ ಕಡತಗಳ ಫೋಲ್ಡರ್ ತೆರೆಯುವುದು ವರ್ಷದಿಂದ ನಿಧಾನ. ಕಳೆದ ಹತ್ತು ದಿನಗಳಿಂದ ವಿಡಿಯೋಗಳೂ ನಡುನಡುವೆ ತಡೆದು ನಿಲ್ಲುತ್ತಿವೆ. ಎರಡು ದೂರುಗಳು ಒಂದೇ ಮಾತಿನೊಳಗೆ ಸೇರಿಕೊಂಡಿವೆ.

ಮೊದಲ ನೋಟ: ಡಿಸ್ಕ್ ಬದುಕಿದೆಯೇ?

ವೇಗದ ವಿಚಾರಕ್ಕಿಂತ ಮೊದಲು ಜೀವದ ವಿಚಾರ. ಇಲ್ಲಿ ಮಾಡುವ ಮೂರು ಕೆಲಸಗಳೂ ಕೇವಲ ನೋಡುವ ಕೆಲಸಗಳು; ಯಾವುದನ್ನೂ ಬದಲಿಸುವುದಿಲ್ಲ.

ಡಿಎಂಇಎಸ್‌ಜಿ ಎಂಬ ಆಜ್ಞೆಯು ಲಿನಕ್ಸಿನ ಒಳತಿರುಳಾದ ಕರ್ನಲ್ ಬರೆದಿಟ್ಟ ದಿನಚರಿಯನ್ನು ತೋರಿಸುತ್ತದೆ. ಅಲ್ಲಿ ‘ಐ/ಒ ಎರರ್’ ಎಂಬ ಸಾಲುಗಳು ಒಂದೇ ಡಿಸ್ಕಿನ ಹೆಸರಿನೊಡನೆ ಮತ್ತೆಮತ್ತೆ ಬಂದಿದ್ದರೆ ಆ ಡಿಸ್ಕ್ ಓದಲು ತಿಣುಕುತ್ತಿದೆ. ಎರಡನೆಯದು ಪ್ರಾಕ್ ಕೋಶದಲ್ಲಿರುವ ಎಂಡಿಸ್ಟ್ಯಾಟ್ ಕಡತ. ತಂತ್ರಾಂಶದಿಂದ ಕಟ್ಟಿದ ರೈಡ್ ಇದ್ದಲ್ಲಿ ಎಲ್ಲ ಡಿಸ್ಕುಗಳೂ ಹಾಜರಿವೆಯೇ ಎಂಬ ಹಾಜರಿಪಟ್ಟಿ ಅದು. ನಾಲ್ಕು ಯು ಅಕ್ಷರಗಳಿದ್ದರೆ ನಾಲ್ವರೂ ಹಾಜರು; ಒಂದು ಯು ಬದಲಿಗೆ ಅಡಿಗೆರೆಯಿದ್ದರೆ ಒಬ್ಬರು ಗೈರುಹಾಜರು. ಪರೀಕ್ಷೆಯೋ ಮರುರಚನೆಯೋ ನಡೆಯುತ್ತಿದ್ದರೆ ಅದೂ ಅಲ್ಲಿ ಕಾಣುತ್ತದೆ.

ಮೂರನೆಯದು ಸ್ಮಾರ್ಟ್‌ಸಿಟಿಎಲ್. ಪ್ರತಿಯೊಂದು ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ಆ ಉದ್ದದ ಪಟ್ಟಿಯಲ್ಲಿ ಶಿಕ್ಷಕರು ಮೂರು ಸಾಲುಗಳನ್ನು ನೋಡಿದರೆ ಸಾಕು. 5ನೆಯ ಅಂಶ, ಕೆಟ್ಟುಹೋಗಿ ಬದಲಿ ಜಾಗಕ್ಕೆ ಸರಿಸಲ್ಪಟ್ಟ ಖಂಡಗಳ ಎಣಿಕೆ. 197ನೆಯ ಅಂಶ, ಓದಲು ಬಾರದೆ ತೀರ್ಮಾನಕ್ಕೆ ಕಾದಿರುವ ಖಂಡಗಳ ಎಣಿಕೆ. 199ನೆಯ ಅಂಶ, ಸಾಗಣೆಯ ದಾರಿಯಲ್ಲಿ ಆದ ತಪ್ಪುಗಳ ಎಣಿಕೆ. ಮೊದಲೆರಡು ಏರುತ್ತಿದ್ದರೆ ಡಿಸ್ಕ್ ಕೆಡುತ್ತಿದೆ. 199 ಒಂದೇ ಏರುತ್ತಿದ್ದರೆ ಡಿಸ್ಕ್ ಸರಿಯಿದ್ದು ಕೇಬಲ್ ಕೆಟ್ಟಿರುವ ಸಂಭವವೇ ಹೆಚ್ಚು. ಸಾವಿರಾರು ರೂಪಾಯಿಯ ಡಿಸ್ಕ್ ಬದಲಿಸುವ ಮುನ್ನ ನೂರಿನ್ನೂರು ರೂಪಾಯಿಯ ಕೇಬಲ್ ಬದಲಿಸಿ ನೋಡುವುದು ವಿವೇಕ.

ಅಳತೆ: ಗೇಟಿನ ಬಳಿ ನಿಂತು ನೋಡುವುದು

ಸಿಸ್‌ಸ್ಟ್ಯಾಟ್ ಎಂಬ ತಂತ್ರಾಂಶದ ಕಟ್ಟಿನಲ್ಲಿ ಐಒಸ್ಟ್ಯಾಟ್ ಎಂಬ ಆಜ್ಞೆ ಇದೆ. ‘ಐಒಸ್ಟ್ಯಾಟ್ -ಎಕ್ಸ್ 5’ ಎಂದು ಕೊಟ್ಟರೆ ಐದು ಸೆಕೆಂಡಿಗೊಮ್ಮೆ ಪ್ರತಿ ಡಿಸ್ಕಿನ ಸ್ಥಿತಿ ತೆರೆಯ ಮೇಲೆ ಬರುತ್ತದೆ. ಮೊದಲ ಸಲ ಬರುವ ಅಂಕಿಗಳು ಯಂತ್ರ ಹೊತ್ತಿಕೊಂಡಂದಿನಿಂದ ಆದ ಸರಾಸರಿ. ಅವನ್ನು ಬಿಟ್ಟು ಎರಡನೆಯದರಿಂದ ಓದಬೇಕು. ಈ ಸಣ್ಣ ವಿಷಯವನ್ನು ಮರೆತು ತಪ್ಪು ತೀರ್ಮಾನಕ್ಕೆ ಬಂದವರು ಅನೇಕರು.

ಬೋಡಿಮೆಟ್ಟಿನ ಗೇಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಂಕಣಗಳನ್ನು ಓದುವುದು ಕಷ್ಟವಲ್ಲ. ಸೆಕೆಂಡಿಗೆ ಎಷ್ಟು ಕೋರಿಕೆಗಳು ಎಂಬುದು ಎಷ್ಟು ವಾಹನಗಳು ದಾಟಿದವು ಎಂಬ ಲೆಕ್ಕ. ಸೆಕೆಂಡಿಗೆ ಎಷ್ಟು ಕಿಲೋಬೈಟ್ ಎಂಬುದು ಎಷ್ಟು ಸರಕು ದಾಟಿತು ಎಂಬ ಲೆಕ್ಕ. ಅವೇಟ್ ಎಂದು ಕೊನೆಗೊಳ್ಳುವ ಅಂಕಣಗಳು ಒಂದೊಂದು ವಾಹನ ಸರದಿಯಲ್ಲಿ ನಿಂತದ್ದೂ ಸೇರಿ ಗೇಟು ದಾಟಲು ತೆಗೆದುಕೊಂಡ ಕಾಲ, ಮಿಲಿಸೆಕೆಂಡುಗಳಲ್ಲಿ. ಯುಟಿಲ್ ಅಂಕಣವು ಗೇಟಿನವನು ನೂರರಲ್ಲಿ ಎಷ್ಟು ಪಾಲು ಹೊತ್ತು ಕೆಲಸದಲ್ಲಿದ್ದ ಎಂಬುದು.

ಒಂದೊಂದನ್ನೇ ನೋಡಿದರೆ ಇವು ಏನನ್ನೂ ಹೇಳವು, ಜೊತೆಗೂಡಿಸಿ ಓದಬೇಕು. ಯುಟಿಲ್ ನೂರು, ಸಾಗಿದ ಸರಕು ಸೆಕೆಂಡಿಗೆ 150 ಮೆಗಾಬೈಟ್ ಎಂದಿದ್ದರೆ ಡಿಸ್ಕ್ ತನ್ನ ಶಕ್ತಿಯಷ್ಟು ದುಡಿಯುತ್ತಿದೆ, ದೂರುವಂತಿಲ್ಲ. ಯುಟಿಲ್ ನೂರು, ಆದರೆ ಸರಕು ಒಂದೆರಡು ಮೆಗಾಬೈಟ್ ಮಾತ್ರ ಎಂದಿದ್ದರೆ ಅದು ಮುನ್ನೂರು ಜೀಪುಗಳ ಕಥೆ. ಯುಟಿಲ್ ಹತ್ತಿಪ್ಪತ್ತು ಮಾತ್ರವಿದ್ದು ಬಳಸುವವರಿಗೆ ನಿಧಾನವಾಗಿದ್ದರೆ ತಪ್ಪು ಡಿಸ್ಕಿನದಲ್ಲ, ದಾರಿಯದು. ಆಗ ಜಾಲದ ಕಡೆಗೆ ಹೋಗಬೇಕು. ಸೆಕೆಂಡಿಗೆ 100 ಮೆಗಾಬಿಟ್‌ನ ಹಳೆಯ ಸ್ವಿಚ್ಚಿನ ಮೂಲಕ ಸೆಕೆಂಡಿಗೆ ಹನ್ನೆರಡು ಮೆಗಾಬೈಟಿಗಿಂತ ಹೆಚ್ಚು ಹಾಯದು, ಹಿಂದೆ ಎಂಥ ಡಿಸ್ಕ್ ಇದ್ದರೂ. ಗಿಗಾಬಿಟ್ ಜಾಲದಲ್ಲಿಯೂ ಕೇಬಲಿನ ಎಂಟು ತಂತಿಗಳಲ್ಲಿ ಒಂದು ಸಡಿಲವಾದರೆ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ.

ಉದಾಹರಣೆಯ ಭಂಡಾರದಲ್ಲಿ ಮೂರು ಡಿಸ್ಕುಗಳ ಅವೇಟ್ 12ರಿಂದ 15 ಮಿಲಿಸೆಕೆಂಡ್, ನಾಲ್ಕನೆಯದರದ್ದು 180. ಒಂದೇ ಜೋಡಣೆಯ ನಾಲ್ಕು ಡಿಸ್ಕುಗಳು ಹೆಚ್ಚುಕಡಿಮೆ ಸಮನಾದ ಹೊರೆ ಹೊರುವುದರಿಂದ ಅವುಗಳ ಕಾಲವೂ ಸಮನಾಗಿರಬೇಕು. ಒಂದು ಮಾತ್ರ ಹಿಂದೆ ಬಿದ್ದರೆ ಜೋಡಿಯೆತ್ತಿನ ಗಾಡಿಯಲ್ಲಿ ಒಂದು ಎತ್ತು ಕುಂಟಿದಂತೆ. ಎಂಡಿಸ್ಟ್ಯಾಟ್ ಇನ್ನೂ ನಾಲ್ಕು ಹಾಜರಿಯನ್ನೇ ತೋರಿಸುತ್ತಿದೆ. ಸ್ಮಾರ್ಟ್ ಪಟ್ಟಿಯಲ್ಲಿ ಮಾತ್ರ ನಾಲ್ಕನೆಯದರ 197ನೆಯ ಅಂಶ ಸೊನ್ನೆ ಬಿಟ್ಟು ಮೇಲೇರಿದೆ. ಹತ್ತು ದಿನದ ಹೊಸ ದೂರಿನ ಕಾರಣ ಇಲ್ಲಿದೆ. ವರ್ಷದ ಹಳೆಯ ದೂರಿಗೆ ಕಾರಣ ಬೇರೆ.

ಯಾವುದನ್ನು ಮೊದಲು ಮಾಡಬೇಕು

ಇಲ್ಲಿ ಸಹಜವಾಗಿ ಹುಟ್ಟುವ ಉತ್ಸಾಹವೆಂದರೆ ಕುಂಟುತ್ತಿರುವ ಡಿಸ್ಕನ್ನು ಕೂಡಲೇ ಕಿತ್ತು ಹೊಸದನ್ನು ಹಾಕುವುದು. ಅದು ತಪ್ಪು ಕ್ರಮ. ರೈಡ್ 5 ಒಂದು ಡಿಸ್ಕಿನ ನಷ್ಟವನ್ನು ತಾಳಬಲ್ಲದು. ಎರಡರ ನಷ್ಟವನ್ನು ತಾಳದು. ಹೊಸ ಡಿಸ್ಕನ್ನು ತುಂಬಲು ಉಳಿದ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಬೇಕು. 8 ಟೆರಾಬೈಟನ್ನು ಸೆಕೆಂಡಿಗೆ 150 ಮೆಗಾಬೈಟಿನಂತೆ ತುಂಬಿದರೂ ಹದಿನೈದು ಗಂಟೆಗಳು ಹಿಡಿಯುತ್ತವೆ. ಬಳಕೆಯೂ ನಡುವೆ ನಡೆದರೆ ದಿನಗಳೇ ಆಗಬಹುದು. ಅದೇ ದಿನ ಕೊಂಡು ಅಷ್ಟೇ ದುಡಿದಿರುವ ಉಳಿದ ಮೂರರಲ್ಲಿ ಒಂದು ಆ ಅವಧಿಯಲ್ಲಿ ಕೈಕೊಟ್ಟರೆ ಭಂಡಾರವೇ ಹೋಯಿತು. ರೈಡ್ ಎಂಬುದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ಮಾಡಿದ ಏರ್ಪಾಡು, ಅದು ಪ್ರತಿಯಲ್ಲ. ಕೈತಪ್ಪಿ ಅಳಿಸಿದ ಕಡತವನ್ನು ರೈಡ್ ನಾಲ್ಕೂ ಡಿಸ್ಕುಗಳಲ್ಲಿ ಶ್ರದ್ಧೆಯಿಂದ ಅಳಿಸುತ್ತದೆ.

ಆದುದರಿಂದ ಮೊದಲ ಕೆಲಸ, ಮತ್ತೆ ಸಿಗದ 72 ಗಿಗಾಬೈಟನ್ನು ಹೊರಗಿನ ಡಿಸ್ಕಿಗೆ ತೆಗೆಯುವುದು. ವಿಡಿಯೋಗಳ ಸರದಿ ಆಮೇಲೆ. ಪ್ರತಿ ತೆಗೆದ ಬಳಿಕ ಎಣಿಸಿ ನೋಡಬೇಕು: ಮೂಲದಲ್ಲಿ 12 ಲಕ್ಷ ಕಡತಗಳಿದ್ದರೆ ಪ್ರತಿಯಲ್ಲಿಯೂ ಅಷ್ಟೇ ಇವೆಯೇ? ಎಸ್‌ಎಚ್‌ಎ256ಸಮ್ ಎಂಬ ಆಜ್ಞೆಯಿಂದ ಪ್ರತಿ ಕಡತಕ್ಕೂ ಬೆರಳಚ್ಚಿನಂಥ ಸಂಖ್ಯೆಯೊಂದನ್ನು ಪಡೆದು ಹೋಲಿಸಬಹುದು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಲೆಕ್ಕಕ್ಕೆ ಹಿಡಿಯಬಾರದು.

ಈ ಕೆಲಸ ಮುಗಿಯುವವರೆಗೆ ಮಾಡಬಾರದವು ಕೆಲವಿವೆ. ಬಳಕೆಯಲ್ಲಿರುವ ಸಂಗ್ರಹದ ಮೇಲೆ ಎಫ್‌ಎಸ್‌ಸಿಕೆ ಎಂಬ ದುರಸ್ತಿ ಆಜ್ಞೆಯನ್ನು ಎಂದಿಗೂ ಓಡಿಸಬಾರದು. ಸಂಗ್ರಹವನ್ನು ಮೊದಲು ಬೇರ್ಪಡಿಸದೆ ಓಡಿಸಿದರೆ ಸರಿಯಿದ್ದ ಕಡತ ವ್ಯವಸ್ಥೆಯೂ ಹಾಳಾಗಬಲ್ಲದು. ರೈಡಿನ ಪೂರ್ಣ ಪರೀಕ್ಷೆಯನ್ನು ಆರಂಭಿಸಬಾರದು. ಚದುರಿದ ಕಡತಗಳನ್ನು ಒಟ್ಟುಗೂಡಿಸುವ ಕೆಲಸಕ್ಕೆ ಕೈಹಾಕಬಾರದು. ಇವೆಲ್ಲ ಸೋತ ಎತ್ತಿಗೆ ಹೊರೆ ಹೇರುವ ಕೆಲಸಗಳು.

ಹಳೆಯ ದೂರು: 12 ಲಕ್ಷ ಜೀಪುಗಳು

ಡಿಸ್ಕ್ ಬದಲಾಯಿತು, ಮರುರಚನೆ ಮುಗಿಯಿತು, ವಿಡಿಯೋಗಳು ಸರಾಗವಾದವು ಎಂದಿಟ್ಟುಕೊಳ್ಳೋಣ. ಧ್ವನಿ ಕಡತಗಳ ಫೋಲ್ಡರ್ ಮಾತ್ರ ಹಿಂದಿನಂತೆಯೇ ನಿಧಾನ. ಇದನ್ನು ಅರಿಯಲು ಕಡತ ವ್ಯವಸ್ಥೆ ಕಡತವನ್ನು ಹೇಗೆ ಇಡುತ್ತದೆ ಎಂಬುದನ್ನು ತಿಳಿಯಬೇಕು.

ಕಡತದ ಒಳಗಿನ ಮಾತು ಒಂದೆಡೆ ಇರುತ್ತದೆ. ಅದರ ಗಾತ್ರ, ಒಡೆಯ, ತಾರೀಖು, ಡಿಸ್ಕಿನಲ್ಲಿ ಎಲ್ಲೆಲ್ಲಿ ಅದರ ತುಣುಕುಗಳಿವೆ ಎಂಬ ವಿವರ ಇನ್ನೊಂದೆಡೆ, ಐನೋಡ್ ಎಂಬ ಚೀಟಿಯಲ್ಲಿ ಇರುತ್ತದೆ. ಹೆಸರು ಮೂರನೆಯ ಕಡೆ, ಡೈರೆಕ್ಟರಿಯಲ್ಲಿ ಇರುತ್ತದೆ. ಗ್ರಂಥಾಲಯದ ಹೋಲಿಕೆ ಇಲ್ಲಿ ಸಲ್ಲುತ್ತದೆ: ಹೆಸರಿನ ಪಟ್ಟಿ, ವಿವರದ ಚೀಟಿ, ಕಪಾಟಿನ ಪುಸ್ತಕ. ಒಂದು ಕಡತವನ್ನು ಓದುವುದೆಂದರೆ ಮೂರು ಕಡೆ ಹೋಗಿಬರುವುದು. 2 ಗಿಗಾಬೈಟಿನ ವಿಡಿಯೋಗೂ ಚೀಟಿ ಒಂದೇ. 60 ಕಿಲೋಬೈಟಿನ ವಾಕ್ಯಕ್ಕೂ ಚೀಟಿ ಒಂದೇ.

ಈಗ ಲೆಕ್ಕ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.33 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ 4 ಮಿಲಿಸೆಕೆಂಡಿಗೆ ತುಸು ಹೆಚ್ಚು. ಮುಳ್ಳು ಆ ಪಥಕ್ಕೆ ಸರಿಯಲು ಸುಮಾರು 8. ಒಟ್ಟು 12 ಮಿಲಿಸೆಕೆಂಡ್. ಸೆಕೆಂಡಿಗೆ ಇಂಥ ಓಡಾಟಗಳು ಎಂಬತ್ತರ ಆಸುಪಾಸು ಮಾತ್ರ ಸಾಧ್ಯ. ಕಡತವೊಂದಕ್ಕೆ ಒಂದೇ ಓಡಾಟವೆಂದು ಉದಾರವಾಗಿ ಲೆಕ್ಕ ಹಿಡಿದರೂ 12 ಲಕ್ಷ ಕಡತಗಳಿಗೆ 15,000 ಸೆಕೆಂಡ್. ನಾಲ್ಕು ಗಂಟೆ ಹತ್ತು ನಿಮಿಷ. ಅದೇ 72 ಗಿಗಾಬೈಟ್ ಒಂದೇ ಕಡತವಾಗಿದ್ದು, ಸೆಕೆಂಡಿಗೆ 150 ಮೆಗಾಬೈಟಿನಂತೆ ಒಂದೇ ಓಟದಲ್ಲಿ ಓದಿದರೆ 480 ಸೆಕೆಂಡ್, ಎಂಟು ನಿಮಿಷ.

ನಾಲ್ಕು ಡಿಸ್ಕುಗಳಿವೆಯಲ್ಲ, ನಾಲ್ಕು ಪಟ್ಟು ವೇಗ ಬರಬಾರದೇ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಒಂದರ ನಂತರ ಒಂದನ್ನು ಕೇಳುವ ಒಬ್ಬನೇ ಗಿರಾಕಿಗೆ ಬಾರದು: ಮೊದಲ ಕಡತ ಬಂದ ಮೇಲೆಯೇ ಅವನು ಎರಡನೆಯದನ್ನು ಕೇಳುತ್ತಾನೆ, ಉಳಿದ ಮೂರು ಡಿಸ್ಕುಗಳು ಕೈಕಟ್ಟಿ ನಿಂತಿರುತ್ತವೆ. ಬರೆಯುವಾಗಲಂತೂ ರೈಡ್ 5 ಇನ್ನೂ ಹಿಂದೆ ಬೀಳುತ್ತದೆ. ಒಂದು ಸಣ್ಣ ತುಣುಕನ್ನು ಬದಲಿಸಲು ಹಳೆಯ ತುಣುಕನ್ನೂ ಹಳೆಯ ತಾಳೆಯ ತುಣುಕನ್ನೂ ಓದಿ, ಹೊಸ ಎರಡನ್ನೂ ಬರೆಯಬೇಕು. ಒಂದು ಕೆಲಸಕ್ಕೆ ನಾಲ್ಕು ಓಡಾಟ.

ಮತ್ತೊಂದು ಅನುಭವವೂ ಶಿಕ್ಷಕರನ್ನು ಗೊಂದಲಕ್ಕೆ ಕೆಡಹುತ್ತದೆ. ಬೆಳಿಗ್ಗೆ ಹತ್ತು ನಿಮಿಷ ತೆಗೆದುಕೊಂಡ ಫೋಲ್ಡರ್ ಎರಡನೆಯ ಸಲ ಕ್ಷಣದಲ್ಲಿ ತೆರೆಯುತ್ತದೆ. ತೊಂದರೆ ತಾನಾಗಿ ಹೋಯಿತೆಂದು ಭಾವಿಸಬಾರದು. ಒಮ್ಮೆ ಓದಿದ ಚೀಟಿಗಳನ್ನು ಲಿನಕ್ಸ್ ಬಿಡುವಿರುವ ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ; ಎರಡನೆಯ ಸಲ ಡಿಸ್ಕಿನ ಮಾತೇ ಇಲ್ಲ. ಆದುದರಿಂದ ಯಾವುದೇ ಬದಲಾವಣೆಯ ಹಿಂದಿನ ಮತ್ತು ಮುಂದಿನ ವೇಗವನ್ನು ಹೋಲಿಸುವಾಗ ಎರಡನ್ನೂ ಯಂತ್ರ ಹೊಸದಾಗಿ ಹೊತ್ತಿಕೊಂಡ ಸ್ಥಿತಿಯಲ್ಲಿಯೇ ಅಳೆಯಬೇಕು. ಇಲ್ಲವಾದರೆ ಮಾಡಿದ ಪ್ರತಿಯೊಂದು ಮದ್ದೂ ಗುಣಕೊಟ್ಟಂತೆ ತೋರುತ್ತದೆ.

ಪರಿಹಾರ

ಕಾರಣ ತಿಳಿದರೆ ಪರಿಹಾರ ದೊಡ್ಡದಲ್ಲ: ಜೀಪುಗಳ ಸರಕನ್ನು ಲಾರಿಗೆ ಏರಿಸಬೇಕು. ಬದಲಾಗದ ಧ್ವನಿ ಕಡತಗಳನ್ನು ಊರಿಗೊಂದು, ಮಾತನಾಡಿದವರಿಗೊಂದು ಎಂಬಂತೆ ಟಾರ್ ಆಜ್ಞೆಯಿಂದ ಕಟ್ಟುಗಳನ್ನಾಗಿ ಮಾಡಿ ಇಡಬಹುದು. ಹೊರಗೆ ಸಾಗಿಸುವುದಕ್ಕೂ ಪ್ರತಿ ತೆಗೆಯುವುದಕ್ಕೂ ಆ ಕಟ್ಟು ಒಂದೇ ಕಡತ. ದಿನವೂ ಬೇಕಾಗುವ ಕಡತಗಳನ್ನು ಮಾತ್ರ ಬಿಡಿಯಾಗಿ ಇಟ್ಟುಕೊಂಡು ಅವನ್ನು ಊರು, ವರ್ಷ, ವಿಷಯಗಳಿಗೆ ಅನುಸಾರವಾಗಿ ಒಳಕೋಶಗಳಲ್ಲಿ ಹಂಚಬೇಕು. ಇಎಕ್ಸ್‌ಟಿ4 ವ್ಯವಸ್ಥೆ ದೊಡ್ಡ ಡೈರೆಕ್ಟರಿಯಲ್ಲಿ ಒಂದು ಹೆಸರನ್ನು ಹುಡುಕುವುದರಲ್ಲಿ ಚುರುಕೇ. ಕಷ್ಟ ಬರುವುದು ಎಲ್ಲವನ್ನೂ ಒಮ್ಮೆಗೆ ಪಟ್ಟಿಮಾಡಿ ತೋರಿಸಬೇಕಾದಾಗ. ಚಿತ್ರಗಳಿರುವ ಕಿಟಕಿಯಲ್ಲಿ ಫೋಲ್ಡರ್ ತೆರೆದರೆ ಪ್ರತಿ ಹೆಸರಿಗೂ ಚೀಟಿಯನ್ನು ತೆರೆದು ನೋಡಲಾಗುತ್ತದೆ. ‘ಎಲ್‌ಎಸ್ -ಎಫ್’ ಎಂದು ಕೊಟ್ಟರೆ ವಿಂಗಡಿಸದೆ, ಚೀಟಿ ತೆರೆಯದೆ, ಹೆಸರುಗಳನ್ನಷ್ಟೇ ಹೇಳಿ ಮುಗಿಸುತ್ತದೆ.

ಜಾಗದ ಲೆಕ್ಕವನ್ನು ಸಂಕ್ಷೇಪವಾಗಿ ಹೇಳಬಹುದು. ‘ಡಿಎಫ್ -ಎಚ್’ ಉಳಿದ ಜಾಗವನ್ನೂ ‘ಡಿಎಫ್ -ಐ’ ಉಳಿದ ಐನೋಡುಗಳನ್ನೂ ತೋರಿಸುತ್ತದೆ. ಐನೋಡ್ ಮುಗಿದರೆ ಜಾಗವಿದ್ದರೂ ‘ಜಾಗವಿಲ್ಲ’ ಎಂಬ ಉತ್ತರ ಬರುತ್ತದೆ. ಇಎಕ್ಸ್‌ಟಿ4ರಲ್ಲಿ ಐನೋಡುಗಳ ಸಂಖ್ಯೆ ಕಡತ ವ್ಯವಸ್ಥೆಯನ್ನು ರಚಿಸುವಾಗಲೇ ನಿಶ್ಚಯವಾಗುತ್ತದೆ. ಎಕ್ಸ್‌ಎಫ್‌ಎಸ್‌ನಲ್ಲಿ ಬೇಕಾದಂತೆ ಹುಟ್ಟುತ್ತವೆ. ಸಂಗ್ರಹ ನೂರಕ್ಕೆ ತೊಂಬತ್ತನ್ನು ಮೀರಿದಂತೆ ಹೊಸ ಕಡತಗಳಿಗೆ ಒಟ್ಟಾದ ಜಾಗ ಸಿಗದೆ ಅವು ತುಂಡುತುಂಡಾಗಿ ಚದುರುತ್ತವೆ. ಇಎಕ್ಸ್‌ಟಿ4 ನೂರಕ್ಕೆ ಐದು ಪಾಲನ್ನು ರೂಟ್ ಬಳಕೆದಾರನಿಗೆಂದು ಕಾದಿರಿಸುತ್ತದೆ. 24 ಟೆರಾಬೈಟಿನಲ್ಲಿ ಅದು 1.2 ಟೆರಾಬೈಟ್. ಕೇವಲ ಕಡತಗಳನ್ನಿಡುವ ಸಂಗ್ರಹದಲ್ಲಿ ಟ್ಯೂನ್2ಎಫ್‌ಎಸ್ ಆಜ್ಞೆಯಿಂದ ಅದನ್ನು ಒಂದಕ್ಕೆ ಇಳಿಸಿದರೆ ಯಾವುದನ್ನೂ ಅಳಿಸದೆಯೇ ಸುಮಾರು ಒಂದು ಟೆರಾಬೈಟ್ ಬಿಡುವಾಗುತ್ತದೆ.

ನೋ-ಎಟೈಮ್ ಎಂಬ ಹೊಂದಿಕೆಯನ್ನು ಎಲ್ಲರೂ ಸರ್ವರೋಗಕ್ಕೆ ಮದ್ದೆಂಬಂತೆ ಸೂಚಿಸುವುದುಂಟು. ಕಡತವನ್ನು ಓದಿದಾಗಲೆಲ್ಲ ಓದಿದ ವೇಳೆಯನ್ನು ಚೀಟಿಯಲ್ಲಿ ಬರೆಯುವ ಹಳೆಯ ಪದ್ಧತಿಯನ್ನು ಅದು ನಿಲ್ಲಿಸುತ್ತದೆ. ಆದರೆ 2009ರ ಕರ್ನಲ್‌ನಿಂದಲೇ ರೆಲ್-ಎಟೈಮ್ ಎಂಬ ಮಧ್ಯಮ ಮಾರ್ಗ ತಾನಾಗಿ ಜಾರಿಯಲ್ಲಿದ್ದು, ಆ ಬರವಣಿಗೆ ಬಹಳ ವಿರಳವಾಗಿದೆ. ಹೊಂದಿಸಿದರೆ ಹಾನಿಯಿಲ್ಲ, ಅದರಿಂದ ಪವಾಡವನ್ನು ನಿರೀಕ್ಷಿಸಬಾರದು. ಅದಕ್ಕಿಂತ ಹೆಚ್ಚು ಫಲ ಕೊಡುವುದು ಕೆಡುವ ಮುನ್ನವೇ ಮಾಡುವ ಒಂದು ಅಭ್ಯಾಸ: ಸಂಗ್ರಹ ಚೆನ್ನಾಗಿರುವ ದಿನ ಐಒಸ್ಟ್ಯಾಟಿನ ಅಂಕಿಗಳನ್ನೂ ಸ್ಮಾರ್ಟ್ ಪಟ್ಟಿಯ ಆ ಮೂರು ಸಾಲುಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಆರೋಗ್ಯದ ದಿನದ ಅಳತೆ ಇಲ್ಲದಿದ್ದರೆ 180 ಎಂಬ ಅಂಕಿ ದೊಡ್ಡದೋ ಸಣ್ಣದೋ ಹೇಳುವುದು ಹೇಗೆ?

ಪೆನ್‌ಡ್ರೈವಿನ ಬಗ್ಗೆ ಒಂದು ಮಾತು. ನಕಲು ಪೂರ್ತಿಯಾಯಿತೆಂದು ತೆರೆ ತೋರಿಸಿದ ಕೂಡಲೇ ಅದನ್ನು ಕೀಳಬಾರದು. ಲಿನಕ್ಸ್ ಬರೆಯಬೇಕಾದುದನ್ನು ಮೊದಲು ಸ್ಮೃತಿಗೆ ತೆಗೆದುಕೊಂಡು ನಿಧಾನವಾಗಿ ಸಾಧನಕ್ಕೆ ಇಳಿಸುತ್ತದೆ. ಸಿಂಕ್ ಎಂಬ ಆಜ್ಞೆ ಕೊಟ್ಟು ಅದು ಮರಳುವವರೆಗೆ ಕಾಯಬೇಕು, ಅಥವಾ ‘ಸುರಕ್ಷಿತವಾಗಿ ತೆಗೆ’ ಎಂಬುದನ್ನು ಒತ್ತಿ ಕಾಯಬೇಕು. ಅಲ್ಲಿ ಆಗುವ ತಡವು ದೋಷವಲ್ಲ.

ತರಗತಿಯಲ್ಲಿ

ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಇದನ್ನು ಗಣಕಯಂತ್ರವಿಲ್ಲದೆಯೂ ಕಲಿಸಬಹುದು. ಅಂಗಳದ ಒಂದು ತುದಿಯಲ್ಲಿ ನಲವತ್ತು ನೋಟ್‌ಪುಸ್ತಕಗಳನ್ನು ಇಡಿ. ನಡುವೆ ಒಂದು ಗೇಟು, ಅಲ್ಲಿ ಕೈಯಲ್ಲಿ ದಾಖಲೆ ಪುಸ್ತಕ ಹಿಡಿದ ಒಬ್ಬ ವಿದ್ಯಾರ್ಥಿ. ಮೊದಲ ಸುತ್ತಿನಲ್ಲಿ ನಲವತ್ತನ್ನೂ ಒಂದು ಚೀಲದಲ್ಲಿ ತುಂಬಿ ಒಬ್ಬಳು ಗೇಟು ದಾಟಲಿ. ಗೇಟಿನವನು ಒಂದು ಸಾಲು ಬರೆದುಕೊಳ್ಳಲಿ. ಎರಡನೆಯ ಸುತ್ತಿನಲ್ಲಿ ಒಂದೊಂದೇ ಪುಸ್ತಕವನ್ನು ಒಯ್ಯಲಿ. ಗೇಟಿನವನು ಪ್ರತಿ ಸಲವೂ ಹೆಸರು, ಪುಟಗಳ ಸಂಖ್ಯೆ, ವೇಳೆ ಬರೆಯಲಿ. ಮೂರನೆಯವರು ಗಡಿಯಾರ ನೋಡಿ ಎರಡೂ ಸುತ್ತಿನ ಕಾಲವನ್ನು ಕರಿಹಲಗೆಯ ಮೇಲೆ ಬರೆಯಲಿ. ಬಳಿಕ 7200 ಸುತ್ತಿನ ಲೆಕ್ಕವನ್ನು ಮಕ್ಕಳೇ ಮಾಡಲಿ. ಭಾಗಾಕಾರ ಮತ್ತು ಸರಾಸರಿಗಳಿಗಿಂತ ಹೆಚ್ಚಿನ ಗಣಿತ ಅದಕ್ಕೆ ಬೇಡ.

ಮೂರನೆಯ ಸುತ್ತೊಂದನ್ನು ಸೇರಿಸಬಹುದು. ನಾಲ್ವರು ಒಟ್ಟಿಗೆ ಒಂದು ಬೆಂಚನ್ನು ಹೊತ್ತು ಗೇಟು ದಾಟಲಿ. ಅವರಲ್ಲಿ ಒಬ್ಬನು ಉಳಿದವರಿಗೆ ತಿಳಿಯದಂತೆ ಕುಂಟುತ್ತ ನಡೆಯಲಿ. ಯಾರಿಂದ ತಡವಾಯಿತು ಎಂದು ನೋಡುತ್ತಿರುವ ಮಕ್ಕಳನ್ನು ಕೇಳಿ, ಅದನ್ನು ಹೇಗೆ ಕಂಡುಹಿಡಿದರೆಂದು ಅವರಿಂದಲೇ ಹೇಳಿಸಬೇಕು. ‘ನಾಲ್ವರ ಹೆಜ್ಜೆಯನ್ನೂ ಬೇರೆಬೇರೆಯಾಗಿ ನೋಡಿದೆವು’ ಎಂಬ ಉತ್ತರ ಬಂದಾಗ ಐಒಸ್ಟ್ಯಾಟಿನ ಅಂಕಣಗಳನ್ನು ಕರಿಹಲಗೆಯ ಮೇಲೆ ಬರೆಯಲು ಸರಿಯಾದ ಹೊತ್ತು.